ಹೆಬ್ಬಾಳದ ಕಲ್ಲೂ ಲಂಡನ್ನಿನ ಹುಲಿಯೂ

(ಅಂತಿಮ ಬಿ.ಎ. ವಿದ್ಯಾರ್ಥಿಯೊಬ್ಬನ ವಿಚಾರ)

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬ ಮಾತನ್ನು ನಮ್ಮಲ್ಲಿ ಕೇಳದವರಿಲ್ಲ. ಪ್ರಾಥಮಿಕ ಶಾಲೆಯಿಂದ ಹಿಡಿದು ಪದವಿ ತರಗತಿಯವರೆಗೆ ಪ್ರವಾಸವನ್ನು ಕುರಿತು ಪ್ರಬಂಧ ಬರೆಯುವಾಗಲೆಲ್ಲ ಮೊದಲ ಸಾಲಾಗಿ ಬಂದು ನಿಲ್ಲುವುದು ಈ ಗಾದೆಯೇ. ಆದರೆ ಸುತ್ತಬೇಕಾದ ದೇಶ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ಗಾದೆ ಹೇಳುವುದಿಲ್ಲ. ಹಿರಿಯರು ಅದನ್ನು ಹೇಳುವ ಅಗತ್ಯವಿಲ್ಲವೆಂದು ಬಿಟ್ಟರೋ ಏನೋ. ನಾವಂತೂ ಅದನ್ನು ಆದಷ್ಟು ದೂರದಿಂದಲೇ ಆರಂಭಿಸಬೇಕೆಂದು ತಿಳಿದುಕೊಂಡಿದ್ದೇವೆ. ಲಂಡನ್, ಪ್ಯಾರಿಸ್, ರೋಮ್ ಈ ಹೆಸರುಗಳನ್ನು ಕೇಳಿದೊಡನೆ ನಮ್ಮ ಕಣ್ಣು ಅರಳುತ್ತದೆ. ಬೇಗೂರು, ಹೆಬ್ಬಾಳ, ಯಲಹಂಕ ಎಂದರೆ ಬಸ್ಸಿನ ನಂಬರು ನೆನಪಾಗುತ್ತದೆ.

ಯೂರೋಪಿನ ರಾಜಧಾನಿಗಳನ್ನು ನೋಡುವ ಆಸೆಯನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ. ನಾನು ಲಂಡನ್ನನ್ನು ಕಂಡವನಲ್ಲ. ಆದರೆ ಕಾಣುವ ಆಸೆ ನನಗೂ ಉಂಟು. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ವನ್ನು ಓದಿದ ಯಾರಿಗೆ ತಾನೆ ಆ ಆಸೆ ಹುಟ್ಟದು? ಒಂದು ನಗರದ ಒಂದೇ ಒಂದು ಕಟ್ಟಡದೊಳಗೆ ಈಜಿಪ್ಟಿನ ಶಿಲೆ, ಗ್ರೀಸಿನ ಶಿಲ್ಪ, ಅಸ್ಸೀರಿಯದ ರೆಕ್ಕೆಯ ಗೂಳಿ ಎಲ್ಲವೂ ಸಾಲಾಗಿ ನಿಂತಿರುವುದೆಂದರೆ ಅದು ಸಣ್ಣ ಸಂಗತಿಯಲ್ಲ. ನನ್ನ ಅಲ್ಪಮತಿಗೆ ತೋರಿದ ಪ್ರಶ್ನೆ ಬೇರೆಯದು. ಅಲ್ಲಿಗೆ ಹೋಗಿ ನೋಡುವವನು ಯಾವ ಕಣ್ಣನ್ನು ತೆಗೆದುಕೊಂಡು ಹೋಗುತ್ತಾನೆ? ನೋಡುವ ಕಣ್ಣು ವಿಮಾನದ ಟಿಕೆಟ್ಟಿನ ಜೊತೆಗೆ ದೊರೆಯುವ ವಸ್ತುವೇ? ಅಲ್ಲ. ಅದನ್ನು ಇಲ್ಲಿಯೇ, ನಮ್ಮ ಬೀದಿಯಲ್ಲಿಯೇ, ನಮ್ಮ ಕಲ್ಲುಗಳ ಮೇಲೆಯೇ ಸಾಣೆ ಹಿಡಿಯಬೇಕು ಎಂಬುದು ನನ್ನ ವಾದ.

ಬೆಂಗಳೂರಿನಿಂದ ಲಂಡನ್ನಿಗೆ ಹೋಗುವವನು ಯಾವ ದಾರಿ ಹಿಡಿಯುತ್ತಾನೆಂಬುದನ್ನು ವಾಚಕರು ಸ್ವಲ್ಪ ಯೋಚಿಸಬೇಕು. 2008ರಲ್ಲಿ ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ತೆರೆದಂದಿನಿಂದ ಅದು ಬಳ್ಳಾರಿ ರಸ್ತೆ. ಮೇಖ್ರಿ ವೃತ್ತದ ಬಳಿ ಕೆಂಪೇಗೌಡರ ಹೆಸರಿನ ಉತ್ತರದ ಗೋಪುರ. ನಗರದ ನಾಲ್ಕು ದಿಕ್ಕಿಗೆ ಕಟ್ಟಿದ ನಾಲ್ಕು ಗೋಪುರಗಳಲ್ಲಿ ಅದೊಂದು. ಮುಂದೆ ಹೆಬ್ಬಾಳ. ಅಲ್ಲಿ ಮೇಲ್ಸೇತುವೆಯ ಒಂದು ಬದಿಗೆ ಕೆರೆ, ಊರೊಳಗೆ ಒಂದು ಶಾಸನಶಿಲೆ. ಆಮೇಲೆ ಯಲಹಂಕ, 1537ರಲ್ಲಿ ಬೆಂಗಳೂರಿನ ಕೋಟೆಗೆ ಅಡಿಗಲ್ಲಿಟ್ಟ ಹಿರಿಯ ಕೆಂಪೇಗೌಡರು ‘ಯಲಹಂಕ ನಾಡಪ್ರಭು’ಗಳೆಂದು ಕರೆಸಿಕೊಂಡದ್ದು ಈ ಊರಿನ ಹೆಸರಿನಿಂದಲೇ. ಕೊನೆಗೆ ದೇವನಹಳ್ಳಿ, ಟಿಪ್ಪು ಸುಲ್ತಾನ ಹುಟ್ಟಿದ ಊರು, ಇಂದಿಗೂ ಕಲ್ಲಿನ ಕೋಟೆ ನಿಂತಿರುವ ಊರು. ಪ್ರಯಾಣಿಕ ಇವೆಲ್ಲವನ್ನೂ ಕಾರಿನ ಕಿಟಕಿಯ ಆಚೆಗೆ ಬಿಟ್ಟು, ವಿಮಾನವೇರಿ, ಏಳು ಕಡಲು ದಾಟಿ ಲಂಡನ್ನಿನಲ್ಲಿ ಇಳಿಯುತ್ತಾನೆ. ಮರುದಿನ ವಿಕ್ಟೋರಿಯ ಆಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೆ ಹೋಗಿ, ಗಾಜಿನ ಪೆಟ್ಟಿಗೆಯ ಮುಂದೆ ನಿಂತು, ‘ಅಹಾ, ಟಿಪ್ಪುವಿನ ಹುಲಿ!’ ಎಂದು ಬೆರಗಾಗುತ್ತಾನೆ.

ಆ ಹುಲಿಯ ಕಥೆ ನಮ್ಮಲ್ಲಿ ಅನೇಕರಿಗೆ ಗೊತ್ತು. ಮರದಲ್ಲಿ ಕಡೆದ ಹುಲಿ, ನೆಲಕ್ಕೆ ಕೆಡವಿದ ಯೂರೋಪಿಯನ್ನನೊಬ್ಬನ ಮೇಲೆ ಎರಗಿದೆ. ಒಳಗೆ ಒಂದು ವಾದ್ಯಯಂತ್ರ. ಹಿಡಿಯನ್ನು ತಿರುಗಿಸಿದರೆ ಹುಲಿಯ ಗರ್ಜನೆ, ಬಿದ್ದವನ ನರಳಾಟ ಎರಡೂ ಕೇಳಿಸುವಂತೆ ಮಾಡಿದ ಕೈಚಳಕ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈಸ್ಟ್ ಇಂಡಿಯ ಕಂಪನಿಯವರು ಅದನ್ನು ಹೊತ್ತೊಯ್ದರು. ಮೊದಲು ಕಂಪನಿಯ ಮನೆಯಲ್ಲಿ ಪ್ರದರ್ಶನಕ್ಕಿಟ್ಟರು. 1880ರಲ್ಲಿ ಅದು ಸೌತ್ ಕೆನ್ಸಿಂಗ್ಟನ್ನಿನ ಸಂಗ್ರಹಾಲಯಕ್ಕೆ ಸೇರಿತು. ಅದನ್ನು ನೋಡಿ ಬೆರಗಾಗುವುದು ಸಹಜ. ಆದರೆ ದೇವನಹಳ್ಳಿಯ ಕೋಟೆಯ ಬಾಗಿಲಲ್ಲಿ ಒಂದು ಗಳಿಗೆ ಇಳಿಯದವನಿಗೆ ಆ ಹುಲಿಯು ಕೇವಲ ವಿಚಿತ್ರವಾದ ಆಟಿಕೆಯಾಗಿ ಕಾಣುತ್ತದೆ. ಇಳಿದವನಿಗೆ, ಅದು ಒಂದು ನೆಲದಿಂದ ಕಿತ್ತು ತಂದ ವಸ್ತುವೆಂಬುದು ಹೊಳೆಯುತ್ತದೆ. ಎರಡು ನೋಟಗಳಿಗೂ ಇರುವ ಅಂತರವೇ ಪ್ರವಾಸಕ್ಕೂ ತಿರುಗಾಟಕ್ಕೂ ಇರುವ ಅಂತರ.

ಈಗ ಹೆಬ್ಬಾಳದ ಕಲ್ಲಿನ ವಿಷಯಕ್ಕೆ ಬರೋಣ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಯ ಕೆಲಸಕ್ಕಾಗಿ ನೆಲವನ್ನು ಅಗೆದಾಗ ಒಂದು ವೀರಗಲ್ಲು ಬೆಳಕಿಗೆ ಬಂತು. ಶಾಸನಗಳಲ್ಲಿ ಆಸಕ್ತಿಯಿದ್ದ ಕೆಲವರು ಅದನ್ನು ಗುರುತಿಸಿ ಓದಿಸದಿದ್ದರೆ ಅದು ಯಾವ ಚರಂಡಿಯ ಹಾಸುಗಲ್ಲಾಗುತ್ತಿತ್ತೋ ಹೇಳಲಾಗದು. ಅದರಲ್ಲಿನ ಬರಹ ಸುಮಾರು ಕ್ರಿ.ಶ. 750ರದು, ಗಂಗದೊರೆ ಶ್ರೀಪುರುಷನ ಆಳ್ವಿಕೆಯದು. ಬೆಂಗಳೂರು ನಗರದೊಳಗೆ ದೊರೆತಿರುವ ಕನ್ನಡ ಬರಹಗಳಲ್ಲಿ ಇದೇ ಅತ್ಯಂತ ಹಳೆಯದೆಂದು ತಿಳಿದವರು ಎಣಿಸುತ್ತಾರೆ. ಶತ್ರುಗಳು ಊರಿನ ಮೇಲೆ ಬಂದಾಗ ಕಿತ್ತಯ್ಯನೆಂಬ ವೀರನು ಕಾದಿ, ಇರಿದು, ಇಂದ್ರಲೋಕವನ್ನು ಸೇರಿದನೆಂಬುದು ಅದರ ಸಾರಾಂಶ. ಹೆಬ್ಬಾಳದವರೂ ಇತರ ಆಸಕ್ತರೂ ಕೂಡಿ, ಸಾರ್ವಜನಿಕರಿಂದಲೇ ಹಣ ಸೇರಿಸಿ, ಆ ಕಲ್ಲಿಗೆ ಅಲ್ಲಿಯೇ ಒಂದು ಕಲ್ಲಿನ ಮಂಟಪವನ್ನು ಕಟ್ಟಿದ್ದಾರೆ. ಸರ್ಕಾರ ಮಾಡಲಿ ಎಂದು ಕಾಯದೆ ಜನರೇ ಕೈಹಾಕಿ ಮಾಡಿದ ಕೆಲಸವೆಂಬುದರಿಂದ ಅದಕ್ಕೆ ಇಮ್ಮಡಿ ಬೆಲೆಯುಂಟು.

ಆ ಶಾಸನದಲ್ಲಿ ‘ಪೆರ್ಬೊಳಲ್’ ಎಂಬ ಸ್ಥಳನಾಮವಿದೆ. ಐಚ್ಛಿಕ ಕನ್ನಡ ಓದುವ ಮಿತ್ರರು ಇಲ್ಲಿ ಕಿವಿ ನಿಮಿರಿಸಬೇಕು. ‘ಪೆರ್’ ಎಂದರೆ ಹಿರಿದು. ‘ಪೊಳಲ್’ ಎಂದರೆ ಪಟ್ಟಣ. ಪಕಾರ ಹಕಾರವಾಗುವ ಬದಲಾವಣೆಯನ್ನು ನಾವು ತರಗತಿಯಲ್ಲಿ ‘ಪಾಲು–ಹಾಲು’, ‘ಪಾವು–ಹಾವು’ ಎಂದು ಬಾಯಿಪಾಠ ಮಾಡಿದ್ದೇವೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೇವೆ. ಅದೇ ಸೂತ್ರ ನಮ್ಮ ಊರಿನ ಹೆಸರಿನೊಳಗೇ ಕುಳಿತಿದೆ. ಪೆರ್ಬೊಳಲೇ ಕಾಲಕ್ರಮದಲ್ಲಿ ಹೆಬ್ಬಾಳವಾಯಿತೆಂದು ಶಾಸನವನ್ನು ಓದಿದವರು ಹೇಳುತ್ತಾರೆ. ಅಂದರೆ, ಇಂದು ವಾಹನಗಳ ದಟ್ಟಣೆಗೆ ಮಾತ್ರ ಹೆಸರಾಗಿರುವ ಹೆಬ್ಬಾಳವು ಸಾವಿರದ ಇನ್ನೂರೈವತ್ತು ವರ್ಷಗಳ ಹಿಂದೆಯೇ ‘ದೊಡ್ಡ ಪಟ್ಟಣ’ ಎನಿಸಿಕೊಂಡಿತ್ತು! ದಿನವೂ ಅದೇ ನಿಲ್ದಾಣದಲ್ಲಿ ಬಸ್ಸಿಗೆ ಕಾದು ಬೇಸತ್ತ ನನ್ನಂಥವನಿಗೆ ಈ ಒಂದು ಮಾತು ತಿಳಿದಾಗ ಆದ ಸಂತೋಷ ಇಷ್ಟೆಂದು ಹೇಳಲಾರೆ.

ಇದೊಂದೇ ಅಲ್ಲ. ನಗರದ ದಕ್ಷಿಣಕ್ಕೆ ಬೇಗೂರಿನಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ ‘ಬೆಂಗಳೂರು ಕಾಳಗ’ದ ಉಲ್ಲೇಖವಿದೆ. ಆ ಕಾಳಗದಲ್ಲಿ ಮಡಿದವನು ಬುಟ್ಟಣಸೆಟ್ಟಿ. ಹೊಯ್ಸಳ ಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ‘ಬೆಂದಕಾಳೂರು’ ಆಯಿತು ಎಂಬ ಕಥೆ ಕೇಳಲು ಚೆನ್ನಾಗಿದೆ. ಆದರೆ ಹೊಯ್ಸಳರು ರಾಜ್ಯ ಕಟ್ಟುವುದಕ್ಕೆ ಮೊದಲೇ ಬೆಂಗಳೂರಿಗೆ ಬೆಂಗಳೂರೆಂದೇ ಹೆಸರಿತ್ತೆಂದು ಬೇಗೂರಿನ ಕಲ್ಲು ಸಾಕ್ಷಿ ನುಡಿಯುತ್ತದೆ. ಯಶವಂತಪುರಕ್ಕೆ ಕೂಗಳತೆಯ ಮಲ್ಲೇಶ್ವರದಲ್ಲಿ, ಕಾಡುಮಲ್ಲೇಶ್ವರನ ಗುಡಿಯ ಬಳಿಯ ಬಂಡೆಯ ಮೇಲೆ, ಮರಾಠರ ಏಕೋಜಿಯು ಮೇದರನಿಂಗನಹಳ್ಳಿಯನ್ನು ಮಲ್ಲಪುರದ ದೇವರಿಗೆ ದತ್ತಿ ಬಿಟ್ಟ 1669ರ ಶಾಸನವಿದೆ. ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು, ಮರಾಠರು, ಮೊಗಲರು, ಮೈಸೂರಿನ ಒಡೆಯರು, ಆಂಗ್ಲರು, ಇಷ್ಟು ಜನ ನಡೆದು ಹೋದ ನೆಲ ಇದು. ಕನ್ನಡ, ತಮಿಳು, ತೆಲುಗು ಮೂರು ಭಾಷೆಗಳ ಶಾಸನಗಳೂ ಇಲ್ಲಿವೆ. ಲಂಡನ್ನಿನಲ್ಲಿ ರೋಮನರ ಕಾಲದ ಗೋಡೆಯ ತುಂಡೊಂದನ್ನು ನೋಡಲು ಜನ ಹೋಗುವುದಾದರೆ, ಇಲ್ಲಿ ನೋಡಲು ಏನಿದೆ ಎಂದು ಕೇಳುವುದು ನ್ಯಾಯವಲ್ಲ.

ಇಷ್ಟು ಸಂಪತ್ತಿದ್ದೂ ನಮಗೇಕೆ ಅದು ಕಾಣುವುದಿಲ್ಲ? ‘ಹಿತ್ತಲ ಗಿಡ ಮದ್ದಲ್ಲ’ ಎಂದು ಸುಮ್ಮನಾಗಬಹುದು. ಆದರೆ ಗಾದೆಯು ರೋಗದ ಹೆಸರನ್ನು ಹೇಳುತ್ತದೆಯೇ ಹೊರತು ಕಾರಣವನ್ನು ಹೇಳುವುದಿಲ್ಲ. ನನಗೆ ತೋರುವ ಕಾರಣ ಇದು: ಇತಿಹಾಸವೆಂದರೆ ರಾಜರದು, ವಸ್ತುಸಂಗ್ರಹಾಲಯವೆಂದರೆ ವಿದ್ಯಾವಂತರದು, ಪ್ರವಾಸವೆಂದರೆ ಹಣವಂತರದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕಟ್ಟಡದ ಎತ್ತರದ ಕಂಬಗಳನ್ನು ಕಂಡರೆ ಕಚೇರಿಯೋ ನ್ಯಾಯಾಲಯವೋ ಎಂದು ಅಳುಕಿ, ಹೊರಗಿನ ಹುಲ್ಲುಹಾಸಿನ ಮೇಲೆ ಕುಳಿತು ಕಡಲೆಕಾಯಿ ತಿಂದು ಮನೆಗೆ ಮರಳುವ ಕುಟುಂಬಗಳನ್ನು ನಾನು ಕಂಡಿದ್ದೇನೆ. ಅವರನ್ನು ಯಾರೂ ತಡೆದಿರುವುದಿಲ್ಲ. ಬನ್ನಿ ಎಂದೂ ಕರೆದಿರುವುದಿಲ್ಲ.

ನಮ್ಮ ಮನೆಯೂ ಅಂಥದೇ. ಪದವಿ ತರಗತಿಯ ಮೆಟ್ಟಿಲು ಹತ್ತಿದವರಲ್ಲಿ ನಮ್ಮ ವಂಶದಲ್ಲಿ ನಾನೇ ಮೊದಲಿಗ. ನಮ್ಮ ತಂದೆ ಕಲ್ಲುಕೆಲಸದವರು. ಓದು ಬರಹ ಬಾರದು. ನಾನು ಕಳೆದ ವರ್ಷ ಅವರನ್ನು ಹೆಬ್ಬಾಳದ ಮಂಟಪದ ಬಳಿಗೆ ಕರೆದುಕೊಂಡು ಹೋಗಿದ್ದೆ. ನಾನು ಶ್ರೀಪುರುಷನ ಕಾಲವನ್ನೂ ಕಿತ್ತಯ್ಯನ ಕಥೆಯನ್ನೂ ವಿವರಿಸುತ್ತಿದ್ದರೆ ಅವರು ಬಗ್ಗಿ ಕಲ್ಲಿನ ಅಂಚನ್ನೇ ನೋಡುತ್ತಿದ್ದರು. ಕೊನೆಗೆ, “ಇದು ನಮ್ಮ ಕಡೇ ಕಲ್ಲೇ ಕಣಪ್ಪ. ಇಂಥ ಕಲ್ಲು ಸುಲಭಕ್ಕೆ ಬಗ್ಗಲ್ಲ. ಅಕ್ಷರ ಕೊರೆಯೋವಾಗ ಒಂದು ಏಟು ಜಾಸ್ತಿ ಬಿದ್ರೆ ಚಕ್ಕೆ ಎದ್ದುಹೋಗ್ತದೆ. ಇವನು ನಿಧಾನಸ್ಥ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಕೆತ್ತಿದವನ ಹೆಸರೇನು?” ಎಂದು ಕೇಳಿದರು. ರಾಜನ ಹೆಸರನ್ನು ಅವರು ಕೇಳಲಿಲ್ಲ.

ಈ ಪ್ರಶ್ನೆ ನನ್ನನ್ನು ಬಹಳ ದಿನ ಬಿಡಲಿಲ್ಲ. ನಾವು ಇತಿಹಾಸದ ತರಗತಿಯಲ್ಲಿ ಯಾವ ರಾಜನ ಅನಂತರ ಯಾವ ರಾಜ ಬಂದನೆಂದು ಕಲಿಯುತ್ತೇವೆ. ಕಲ್ಲನ್ನು ಕಲ್ಲಾಗಿ ಬಲ್ಲವನು ಅದನ್ನು ಮುಟ್ಟಿದ ಕೈಯನ್ನು ಹುಡುಕುತ್ತಾನೆ. ಓದು ಬಾರದ ನಮ್ಮ ತಂದೆಯೂ ಆ ಶಿಲೆಯನ್ನು ಓದಿದರು. ನಾನು ಓದಿದ ಪುಟ ಬೇರೆ, ಅವರು ಓದಿದ ಪುಟ ಬೇರೆ. ಇಂಥ ಓದುಗರು ನಮ್ಮ ಊರುಗಳಲ್ಲಿ ಎಷ್ಟು ಮಂದಿಯಿಲ್ಲ! ಲೋಹದ ಬೊಂಬೆಯನ್ನು ಕಂಡರೆ ಕಂಚುಗಾರನಿಗೆ, ಹಳೆಯ ಮಡಕೆಯನ್ನು ಕಂಡರೆ ಕುಂಬಾರನಿಗೆ, ಹಳೆಯ ಬಟ್ಟೆಯನ್ನು ಕಂಡರೆ ನೇಕಾರನಿಗೆ ಹೊಳೆಯುವುದು ಪುಸ್ತಕ ಓದಿದವನಿಗೆ ಹೊಳೆಯಲಾರದು. ಅಂಥವರು ವಸ್ತುಸಂಗ್ರಹಾಲಯದ ಬಾಗಿಲಿನ ಹೊರಗೆ ನಿಂತಿರುವವರೆಗೂ ಒಳಗಿನ ವಸ್ತುಗಳ ಅರ್ಧ ಅರ್ಥ ಹೊರಗೇ ಉಳಿದಿರುತ್ತದೆ.

ಇನ್ನೊಂದು ಮಾತು. ವೀರಗಲ್ಲುಗಳು ಬಹುಮಟ್ಟಿಗೆ ರಾಜರ ಸ್ಮಾರಕಗಳಲ್ಲ. ತುರುಗಳನ್ನು ಬಿಡಿಸಲು ಹೋಗಿ ಸತ್ತವನು, ಊರನ್ನು ಕಾಯಲು ನಿಂತು ಸತ್ತವನು, ಹೆಣ್ಣುಮಕ್ಕಳ ಮಾನಕ್ಕಾಗಿ ಹೋರಾಡಿ ಸತ್ತವನು, ಹುಲಿಯೊಡನೆ ಕಾದಿ ಸತ್ತವನು, ಇಂಥವರಿಗೆ ಊರವರು ನಿಲ್ಲಿಸಿದ ಕಲ್ಲುಗಳು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರಿನ ಶಿಲೆಯಲ್ಲಿ ಒಂದು ನಾಯಿಯ ಕಥೆಯೇ ಇದೆ. ಕ್ರಿ.ಶ. 949ರ ಸುಮಾರಿಗೆ ಮಣಲೆರನೆಂಬ ವೀರನು ತನ್ನ ಪರಾಕ್ರಮಕ್ಕೆ ಬಹುಮಾನವಾಗಿ ಪಡೆದ ‘ಕಾಳಿ’ ಎಂಬ ನಾಯಿಯು ಕಾಡುಹಂದಿಯೊಡನೆ ಸೆಣಸಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದಕ್ಕಾಗಿ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದರು. ಅದೇ ಕಲ್ಲಿನಲ್ಲಿ ತಕ್ಕೋಲದ ಮಹಾಯುದ್ಧದ ಸುದ್ದಿಯೂ ಇದೆ. ಚಕ್ರವರ್ತಿಗಳ ಕಾಳಗಕ್ಕೂ ನಾಯಿಯ ಕಾಳಗಕ್ಕೂ ಒಂದೇ ಕಲ್ಲಿನಲ್ಲಿ ಎಡೆಗೊಟ್ಟ ನಾಡು ನಮ್ಮದು.

ಲಂಡನ್ನಿನಲ್ಲಿ 1856ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಭಾವಚಿತ್ರಶಾಲೆಯೊಂದಿದೆ. ಅಲ್ಲಿ ರಾಜರಾಣಿಯರ, ಮಂತ್ರಿಗಳ, ಕವಿಗಳ ಚಿತ್ರಗಳಿವೆ. ಮನೆಯಲ್ಲಿ ಅಜ್ಜನಿಂದಾಚೆಗೆ ಒಬ್ಬರ ಹೆಸರೂ ತಿಳಿಯದ, ಗೋಡೆಯ ಮೇಲೆ ಒಂದು ಹಳೆಯ ಭಾವಚಿತ್ರವೂ ಇಲ್ಲದ ನನ್ನಂಥವರಿಗೆ ಈ ವೀರಗಲ್ಲುಗಳ ಸಾಲೇ ಭಾವಚಿತ್ರಶಾಲೆ. ಕಿತ್ತಯ್ಯ ನನ್ನ ಪೂರ್ವಜನೆಂದು ನಾನು ಹೇಳುವುದಿಲ್ಲ. ಆದರೆ ನನ್ನ ಪೂರ್ವಜರು ಎಂಥವರಿದ್ದಿರಬಹುದು ಎಂದು ಕೇಳಿದರೆ ನಾನು ಬೊಟ್ಟು ಮಾಡಿ ತೋರಿಸಬಹುದಾದ ಮುಖ ಅರಮನೆಯ ತೈಲಚಿತ್ರದಲ್ಲಿಲ್ಲ, ಈ ಕಲ್ಲಿನಲ್ಲಿದೆ. ಇಂಥ ಒಂದು ಕಲ್ಲು ಬಟ್ಟೆ ಒಗೆಯುವ ಚಪ್ಪಡಿಯಾದರೆ, ಕಟ್ಟಡದ ಅಡಿಪಾಯಕ್ಕೆ ಬಿದ್ದರೆ, ನಷ್ಟವಾಗುವುದು ಪುರಾತತ್ವ ಇಲಾಖೆಗೆ ಮಾತ್ರವಲ್ಲ. ದಾಖಲೆಯಿಲ್ಲದ ಮನೆತನಗಳಿಗೆ ಉಳಿದಿದ್ದ ಒಂದೇ ದಾಖಲೆ ಅಳಿಸಿಹೋಗುತ್ತದೆ.

ಇಲ್ಲಿ ಕೆಲವರು ಆಕ್ಷೇಪಿಸಬಹುದು: “ಲಂಡನ್ನಿನ ಮಾತು ಬೇರೆ. ಅವರಲ್ಲಿ ಹಣವಿದೆ, ಅವರ ಜನ ಸುಶಿಕ್ಷಿತರು. ನಮ್ಮಲ್ಲಿ ಹೊಟ್ಟೆಗೆ ಮೊದಲು, ಕಲ್ಲಿಗೆ ಆಮೇಲೆ.” ಈ ವಾದಕ್ಕೆ ಉತ್ತರವನ್ನು ಲಂಡನ್ನಿನ ಚರಿತ್ರೆಯೇ ಕೊಡುತ್ತದೆ. ಬ್ರಿಟಿಷ್ ಮ್ಯೂಸಿಯಂ 1753ರ ಕಾಯಿದೆಯಿಂದ ಹುಟ್ಟಿ 1759ರಲ್ಲಿ ಬಾಗಿಲು ತೆರೆದಾಗ, ಅದು ಹೆಸರಿಗೆ ಸಾರ್ವಜನಿಕವಾಗಿತ್ತೇ ಹೊರತು ಸಾಮಾನ್ಯನಿಗೆ ಎಟುಕುವಂತಿರಲಿಲ್ಲ. ಮೊದಲೇ ಅರ್ಜಿ ಬರೆದುಕೊಟ್ಟು ಚೀಟಿ ಪಡೆದವರಿಗೆ ಮಾತ್ರ ಪ್ರವೇಶ. ಅರ್ಜಿ ಬರೆಯಲು ಬಾರದವನ ಗತಿ ಏನು? ಹೊರಗೇ. ಬಹುಕಾಲದ ಮೇಲೆ ಆ ನಿರ್ಬಂಧ ಸಡಿಲವಾಯಿತು. 1857ರಲ್ಲಿ ಸೌತ್ ಕೆನ್ಸಿಂಗ್ಟನ್ ಸಂಗ್ರಹಾಲಯ ತೆರೆದಾಗ ಅದರ ಮೇಲ್ವಿಚಾರಕ ಹೆನ್ರಿ ಕೋಲ್ ಅಲ್ಲಿ ಅನಿಲದೀಪಗಳನ್ನು ಹಾಕಿಸಿ ಸಂಜೆಯ ಹೊತ್ತು ತೆರೆದಿಡುವ ವ್ಯವಸ್ಥೆ ಮಾಡಿದ. ಹಗಲೆಲ್ಲ ದುಡಿಯುವ ಕಾರ್ಮಿಕನು ಕೆಲಸ ಮುಗಿಸಿ ಬಂದು ನೋಡಲಿ ಎಂಬುದೇ ಅದರ ಉದ್ದೇಶ. ಟಿಪ್ಪುವಿನ ಹುಲಿ ಈಗ ಇರುವುದು ಅದೇ ಸಂಸ್ಥೆಯಲ್ಲಿ. ಇಂದು ಆ ಎರಡು ಸಂಗ್ರಹಾಲಯಗಳ ಮುಖ್ಯ ಶಾಲೆಗಳಿಗೂ ಪ್ರವೇಶ ಶುಲ್ಕವಿಲ್ಲ.

ಆದ್ದರಿಂದ ಜನ ಸುಶಿಕ್ಷಿತರಾದ ಮೇಲೆ ಬಾಗಿಲು ತೆರೆದದ್ದಲ್ಲ. ಬಾಗಿಲು ತೆರೆದದ್ದರಿಂದಲೂ ಜನ ಸುಶಿಕ್ಷಿತರಾದರು. ನಮ್ಮಲ್ಲಿ ಸಂಗ್ರಹಾಲಯಗಳ ಬಾಗಿಲು ಕಚೇರಿಯ ವೇಳೆಗೆ ತೆರೆದು ಕಚೇರಿಯ ವೇಳೆಗೆ ಮುಚ್ಚುವುದೇ ರೂಢಿ. ಕೂಲಿಯವನು ಕೈಕಾಲು ತೊಳೆದು ಬರುವ ಹೊತ್ತಿಗೆ ಬೀಗ ಬಿದ್ದಿರುತ್ತದೆ. ಅವನು ಬರಬೇಕಾದರೆ ಒಂದು ದಿನದ ದುಡಿಮೆಯನ್ನು ಕಳೆದುಕೊಳ್ಳಬೇಕು. ಅನಿಲದೀಪದ ಕಾಲದಲ್ಲಿ ಸಾಧ್ಯವಾದುದು ವಿದ್ಯುದ್ದೀಪದ ಕಾಲದಲ್ಲಿ ಅಸಾಧ್ಯವೆಂದರೆ ನಂಬುವವರು ಯಾರು?

ನಮ್ಮಲ್ಲಿ ಸಂಗ್ರಹಾಲಯದ ಪರಂಪರೆಯೇ ಇಲ್ಲವೆನ್ನುವಂತೆಯೂ ಇಲ್ಲ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಸ್ಥಾಪಿತವಾದದ್ದು 1865ರಲ್ಲಿ. ಮದರಾಸಿನ ಸಂಗ್ರಹಾಲಯವನ್ನು ಕಟ್ಟಿದ ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯನೇ ಇದಕ್ಕೂ ಕಾರಣಪುರುಷ. ದಂಡುಪ್ರದೇಶದಲ್ಲಿ ಅದು ಮೊದಲಿದ್ದ ರಸ್ತೆಗೆ ಇಂದಿಗೂ ಮ್ಯೂಸಿಯಂ ರಸ್ತೆಯೆಂದೇ ಹೆಸರು. ಅನಂತರ ಕಬ್ಬನ್ ಉದ್ಯಾನದಲ್ಲಿ ಅದಕ್ಕೆ ಕೆಂಬಣ್ಣದ ಕಟ್ಟಡವಾಯಿತು. ಶಾಸನಗಳ ವಿಷಯದಲ್ಲಿ ಬಿ. ಎಲ್. ರೈಸ್ ಅವರ ಹೆಸರನ್ನು ಕನ್ನಡಿಗರು ಮರೆಯಲಾರರು. 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಆ ಮಹನೀಯರು ಊರೂರು ಸುತ್ತಿ, ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಬೆಂಗಳೂರು ಜಿಲ್ಲೆಯದು ಒಂಬತ್ತನೆಯ ಸಂಪುಟ, 1905ರಲ್ಲಿ ಹೊರಬಂತು. ಅದರಲ್ಲಿ ದಾಖಲಾದ ಕಲ್ಲುಗಳು ಇಂದು ಎಲ್ಲಿವೆ? ರಸ್ತೆ ಅಗಲವಾದಾಗ, ಕೆರೆ ಬಡಾವಣೆಯಾದಾಗ, ಹಳ್ಳಿ ನಗರದ ಹೊಟ್ಟೆಗೆ ಬಿದ್ದಾಗ ಎಷ್ಟೋ ಕಲ್ಲುಗಳು ಕಾಣೆಯಾದವು. ಉಳಿದವನ್ನಾದರೂ ಉಳಿಸಲು 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿಯವರು ಈಗ ಬೆಂಗಳೂರು ಪ್ರದೇಶದ ಶಾಸನಗಳನ್ನು ಮೂರು ಆಯಾಮದ ಗಣಕಚಿತ್ರಗಳಾಗಿ ಸೆರೆಹಿಡಿಯುತ್ತಿರುವುದು ಶ್ಲಾಘನೀಯ. ಕಲ್ಲು ಹೋದರೂ ಅಕ್ಷರ ಉಳಿಯುತ್ತದೆ. ಆದರೆ ಕಲ್ಲೇ ಉಳಿದರೆ ಇನ್ನೂ ಮೇಲಲ್ಲವೆ?

ಮತ್ತೊಂದು ಆಕ್ಷೇಪವುಂಟು; ಅದು ಹೆಚ್ಚು ತೂಕದ್ದು. “ಲಂಡನ್ನಿನ ಸಂಗ್ರಹಾಲಯಗಳು ಕೊಳ್ಳೆ ಹೊಡೆದ ಮಾಲಿನಿಂದ ತುಂಬಿವೆ. ಅಮರಾವತಿಯ ಶಿಲ್ಪಗಳು ಅಲ್ಲಿ, ಟಿಪ್ಪುವಿನ ಹುಲಿ ಅಲ್ಲಿ. ಕದ್ದವರಿಂದ ನಾವು ಪಾಠ ಕಲಿಯಬೇಕೆ?” ಎಂಬುದು. ಹೊತ್ತೊಯ್ದದ್ದನ್ನು ಹಿಂದಕ್ಕೆ ಕೊಡಿರೆಂದು ಕೇಳುವ ಹಕ್ಕು ನಮಗೆ ಪೂರ್ಣವಾಗಿದೆ ಎಂದೇ ನಾನೂ ಹೇಳುತ್ತೇನೆ. ಆದರೆ ಅದನ್ನು ಕೇಳುವ ದಿನ ಅವರು ನಮ್ಮನ್ನು ಒಂದು ಮಾತು ಕೇಳಿಯೇ ಕೇಳುತ್ತಾರೆ: “ನಿಮ್ಮಲ್ಲಿಯೇ ಉಳಿದವನ್ನು ಏನು ಮಾಡಿದಿರಿ?” ಆಗ ನಾವು ಹೆಬ್ಬಾಳದ ಮಂಟಪದ ಕಡೆಗೆ ಕೈ ತೋರಿಸಬಹುದು. ಅಂಥ ಹತ್ತು ಸ್ಥಳಗಳನ್ನು ತೋರಿಸುವಂತಾದರೆ ನಮ್ಮ ಬೇಡಿಕೆಯ ದನಿಯೇ ಬೇರೆಯಾಗುತ್ತದೆ.

ದೊಡ್ಡದನ್ನು ಕಟ್ಟುವುದಕ್ಕೆ ನಮ್ಮಲ್ಲಿ ಉತ್ಸಾಹಕ್ಕೇನೂ ಕೊರತೆಯಿಲ್ಲ. 2022ರ ನವೆಂಬರ್ 11ರಂದು ವಿಮಾನ ನಿಲ್ದಾಣದ ಆವರಣದಲ್ಲಿ 108 ಅಡಿ ಎತ್ತರದ ಕೆಂಪೇಗೌಡರ ಕಂಚಿನ ಪ್ರತಿಮೆಯ ಅನಾವರಣವಾಯಿತು. 2015ರ ನವೆಂಬರ್ 14ರಂದು ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆಯೂ ಅನಾವರಣಗೊಂಡಿತು. ಕನ್ನಡಿಗರಾದ ನಾವು ಎರಡಕ್ಕೂ ಹೆಮ್ಮೆ ಪಡಬೇಕಾದದ್ದೇ. ಆದರೆ ಪ್ರತಿಮೆ ನಾವು ಇಂದು ಹಿರಿಯರನ್ನು ಕುರಿತು ಆಡುವ ಮಾತು. ಶಾಸನ ಹಿರಿಯರೇ ನಮಗೆ ಆಡಿದ ಮಾತು. ನಮ್ಮ ಮಾತಿಗೆ 108 ಅಡಿಯ ಎತ್ತರ ಕೊಟ್ಟು, ಅವರ ಮಾತನ್ನು ಚರಂಡಿಯ ಪಕ್ಕಕ್ಕೆ ಬಿಡುವುದು ಕೆಂಪೇಗೌಡರಿಗೂ ಒಪ್ಪಿಗೆಯಾಗಲಾರದು.

ಕಲ್ಲುಗಳನ್ನು ಸಂಗ್ರಹಾಲಯಕ್ಕೆ ಸಾಗಿಸಬೇಕೋ, ಹುಟ್ಟಿದೂರಿನಲ್ಲೇ ಬಿಡಬೇಕೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿ ಶಾಸನವನ್ನು ಮೈಸೂರಿಗೆ ಒಯ್ದರು. ಊರಿನಲ್ಲಿ ಈಗ ಇರುವುದು ಅದರ ಪ್ರತಿಕೃತಿ. ಅಂದಿಗೆ ಅದೇ ಸರಿಯಾದ ದಾರಿಯಾಗಿದ್ದಿರಬಹುದು. ಆದರೆ ಕಾಯುವ ಜನ ಊರಿನಲ್ಲಿಯೇ ಇದ್ದರೆ ಕಲ್ಲು ಊರಿನಲ್ಲಿಯೇ ಇರುವುದು ಲೇಸೆಂದು ನನಗೆ ತೋರುತ್ತದೆ. ಕಿತ್ತಯ್ಯ ಕಾದಿದ್ದು ಹೆಬ್ಬಾಳಕ್ಕಾಗಿ. ಅವನ ಕಲ್ಲು ಹೆಬ್ಬಾಳದಲ್ಲಿಯೇ ನಿಂತಿರುವುದರಿಂದ ಶಾಲೆಗೆ ಹೋಗುವ ಹುಡುಗನೂ ತರಕಾರಿ ಗಾಡಿ ತಳ್ಳುವವನೂ ಟಿಕೆಟ್ಟಿಲ್ಲದೆ ಅವನನ್ನು ನೋಡಬಹುದು. ಕಾಯುವವರಿಲ್ಲದ ಕಲ್ಲು ಮಾತ್ರ ಸಂಗ್ರಹಾಲಯದ ಆಶ್ರಯವನ್ನು ಸೇರಲಿ.

ಬರಿಯ ಟೀಕೆಯಿಂದ ಪ್ರಯೋಜನವಿಲ್ಲ. ವಿದ್ಯಾರ್ಥಿಗಳಾದ ನಾವು ಮಾಡಬಹುದಾದುದೇನು? ಮೊದಲನೆಯದಾಗಿ, ಪ್ರತಿ ವರ್ಷದ ಶೈಕ್ಷಣಿಕ ಪ್ರವಾಸಕ್ಕೆ ಮುನ್ನ ಒಂದು ಭಾನುವಾರವನ್ನು ನಮ್ಮ ಉತ್ತರ ಬೆಂಗಳೂರಿಗೆ ಮೀಸಲಿಡೋಣ. ಮೇಖ್ರಿ ವೃತ್ತದ ಗೋಪುರದಿಂದ ಹೊರಟು ಹೆಬ್ಬಾಳದ ಕಲ್ಲು, ಯಲಹಂಕದ ಹಳೆಯ ಊರು, ದೇವನಹಳ್ಳಿಯ ಕೋಟೆ, ಇಷ್ಟನ್ನು ಸರ್ಕಾರಿ ಬಸ್ಸಿನಲ್ಲಿಯೇ ಒಂದು ದಿನದಲ್ಲಿ ನೋಡಿ ಬರಬಹುದು. ಖರ್ಚು ಬಸ್ಸಿನ ಚಾರ್ಜು ಮತ್ತು ಬುತ್ತಿ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅವನ್ನು ನೋಡಲು ಹೋಗುವ ಮುನ್ನ ಇದು ಒಳ್ಳೆಯ ಅಭ್ಯಾಸವೂ ಆದೀತು.

ಎರಡನೆಯದಾಗಿ, ಗ್ರಂಥಾಲಯದಲ್ಲಿ ರೈಸ್ ಅವರ ಒಂಬತ್ತನೆಯ ಸಂಪುಟವನ್ನು ತೆರೆದು, ತನ್ನ ತನ್ನ ಊರಿನ ಶಾಸನವನ್ನು ಪ್ರತಿಯೊಬ್ಬನೂ ಗುರುತು ಹಾಕಿಕೊಳ್ಳಲಿ. ರಜೆಯಲ್ಲಿ ಊರಿಗೆ ಹೋದಾಗ ಆ ಕಲ್ಲು ಇದೆಯೋ ಇಲ್ಲವೋ ನೋಡಿ ಬಂದು ಬರೆದಿಡಲಿ. ಇದ್ದರೆ ಇದೆ, ಹೋಗಿದ್ದರೆ ಹೋಗಿದೆ. ಎರಡೂ ತಿಳಿಯಬೇಕಾದ ಸಂಗತಿಯೇ. ಕಾಲೇಜಿನ ಒಂದು ತಂಡ ಮೂರು ವರ್ಷದಲ್ಲಿ ಒಂದು ತಾಲೂಕಿನ ಲೆಕ್ಕವನ್ನು ಮುಗಿಸಬಹುದು. ಮೂರನೆಯದಾಗಿ, ಕನ್ನಡ ಮತ್ತು ಇತಿಹಾಸ ವಿಭಾಗಗಳ ಅಧ್ಯಾಪಕವರ್ಗದಲ್ಲಿ ನನ್ನದೊಂದು ಬಿನ್ನಹ: ಹಳೆಯ ಲಿಪಿಯನ್ನು ಓದುವ ಅಭ್ಯಾಸಕ್ಕೆ ವಾರಕ್ಕೊಂದು ಗಂಟೆಯನ್ನಾದರೂ ನಮಗೆ ಕರುಣಿಸಬೇಕು. ಹಳಗನ್ನಡವನ್ನು ಅಚ್ಚಿನ ಪುಸ್ತಕದಲ್ಲಿ ಓದಿದ ನಾವು ಅದನ್ನು ಕಲ್ಲಿನ ಮೇಲೆ ಕಂಡಾಗ ನಿರಕ್ಷರಿಗಳಂತೆ ನಿಲ್ಲುವುದು ತಪ್ಪಬೇಕು.

ನಾಲ್ಕನೆಯದು ಎಲ್ಲಕ್ಕಿಂತ ಸುಲಭ. ಎಲ್ಲಕ್ಕಿಂತ ಮುಖ್ಯವೂ ಹೌದು. ನಮ್ಮಲ್ಲಿ ಬಹುಮಂದಿ ಮನೆಗೆ ಮೊದಲ ಪದವೀಧರರಾಗಲಿರುವವರು. ಪದವಿ ಬಂದ ಮೇಲೆ ತಂದೆತಾಯಿಗಳಿಗೆ ಸೀರೆ ಪಂಚೆ ಕೊಡಿಸುವ ಆಸೆ ಎಲ್ಲರಿಗೂ ಇರುತ್ತದೆ. ಅದರೊಡನೆ ಅವರನ್ನು ಒಂದು ದಿನ ಒಂದು ಶಾಸನದ ಬಳಿಗೆ, ಒಂದು ವಸ್ತುಸಂಗ್ರಹಾಲಯಕ್ಕೆ ಕೈಹಿಡಿದು ಕರೆದುಕೊಂಡು ಹೋಗಿರಿ. ನೀವು ವಿವರಿಸುವುದನ್ನು ಅವರು ಕೇಳಲಿ. ಅವರು ಹೇಳುವುದನ್ನು ನೀವೂ ಕೇಳಿರಿ. ನಮ್ಮ ವಿದ್ಯೆ ನಮ್ಮನ್ನು ಮನೆಯವರಿಂದ ಬೇರೆ ಮಾಡುತ್ತದೆಂಬ ದೂರು ಹಳ್ಳಿಗಳಲ್ಲಿ ಆಗಾಗ ಕೇಳಿಬರುತ್ತದೆ. ಆ ದೂರಿಗೆ ಉತ್ತರ ಕೊಡಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ತೋರದು.

ಹೀಗೆ ಇಲ್ಲಿನ ಕಲ್ಲುಗಳಲ್ಲಿ ಪಳಗಿದ ಕಣ್ಣುಳ್ಳವನು ಲಂಡನ್ನಿಗೂ ಹೋಗಲಿ, ರೋಮಿಗೂ ಹೋಗಲಿ. ಬ್ರಿಟಿಷ್ ಮ್ಯೂಸಿಯಂನ ರೊಸೆಟ್ಟಾ ಶಿಲೆಯ ಮುಂದೆ ಅವನು ಕೇವಲ ಭಾವಚಿತ್ರ ತೆಗೆಸಿಕೊಂಡು ಹಿಂದಿರುಗುವುದಿಲ್ಲ. ಇದನ್ನು ಕೊರೆದವನ ಕೈ ಎಂಥದು, ಇದು ಯಾವ ಊರಿನದು, ಆ ಊರಿನವರು ಈಗ ಇದನ್ನು ನೋಡಬಲ್ಲರೆ ಎಂದು ಕೇಳುತ್ತಾನೆ. ಹಾಗೆ ಕೇಳಬಲ್ಲವನಿಗೆ ಯಾವ ರಾಜಧಾನಿಯೂ ಪರದೇಶವಲ್ಲ. ಕೇಳಲಾರದವನಿಗೆ ಹೆಬ್ಬಾಳವೂ ಪರದೇಶವೇ. ಸರ್ಕಾರಿ ಕಾಲೇಜಿನ ಮಕ್ಕಳಾದ ನಮ್ಮಲ್ಲಿ ಎಷ್ಟು ಮಂದಿಗೆ ಕಡಲು ದಾಟುವ ಯೋಗವಿದೆಯೋ ತಿಳಿಯದು. ಬಳ್ಳಾರಿ ರಸ್ತೆಯನ್ನು ದಾಟುವ ಯೋಗವಂತೂ ಎಲ್ಲರಿಗೂ ಇದೆ. ಪರೀಕ್ಷೆಗಳು ಮುಗಿದ ಮರುವಾರವೇ ಅದನ್ನು ದಾಟೋಣ ಎಂದು ಸಹಪಾಠಿ ಮಿತ್ರರನ್ನು ಕೇಳಿಕೊಂಡು ಈ ಲೇಖನವನ್ನು ಮುಗಿಸುತ್ತೇನೆ.